ಸೀಟಿ ಊದಿದವರೇ ಸರಕಾರ

ಮಂಗಳೂರಿನಲ್ಲಿ ಒಂದು ಸರಕಾರ ಸ್ಥಾಪಿಸಲು ಚುನಾವಣೆಯ ಅಗತ್ಯವಿಲ್ಲ. ಮಿಂಚುವ ಪಟ್ಟಿಯ ಹಸಿರು ಜಾಕೆಟ್, ಕೊರಳಿಗೊಂದು ಸೀಟಿ ಮತ್ತು ನಂಬ್ರ ಹಾಕಿದ ರಶೀದಿ ಪುಸ್ತಕ ಇದ್ದರೆ ಸಾಕು. ಹಂಪನಕಟ್ಟೆಯ ಆಸುಪಾಸಿನಲ್ಲಿ, ನಿನ್ನೆಯವರೆಗೆ ಯಾರ ಅಪ್ಪಣೆಯೂ ಇಲ್ಲದೆ ಕಾರು ನಿಲ್ಲಿಸುತ್ತಿದ್ದ ರಸ್ತೆಬದಿಯಲ್ಲಿ ಇವಿಷ್ಟನ್ನು ಧರಿಸಿದವರೊಬ್ಬರು ಪ್ರತ್ಯಕ್ಷರಾದರೆ, ಬಂಗುಡೆಯ ದರಕ್ಕೆ ಅರ್ಧ ಗಂಟೆ ಚೌಕಾಸಿ ಮಾಡಿ ಬಂದ ಮಹನೀಯರೂ ತುಟಿ ಬಿಚ್ಚದೆ ಇಪ್ಪತ್ತು ರೂಪಾಯಿ ತೆತ್ತು ಹೋಗುತ್ತಾರೆ. ರಶೀದಿಯ ಮೇಲಿನ ಮೊಹರು ಯಾವ ಕಚೇರಿಯದೆಂದು ಓದಲಾಗುವುದಿಲ್ಲ. ನೇರಳೆ ಶಾಯಿ ಹರಡಿಕೊಂಡ ಆ ದುಂಡು ಕಲೆಯನ್ನು ಕಂಡೊಡನೆ ಓದಬೇಕೆಂಬ ಆಸೆಯೂ ಉಳಿಯುವುದಿಲ್ಲ.

ಇದಕ್ಕಾಗಿ ನಾವು ಮಾತ್ರ ನಾಚಬೇಕಾಗಿಲ್ಲ. ಮನಶ್ಶಾಸ್ತ್ರಜ್ಞ ಲೆನಾರ್ಡ್ ಬಿಕ್‌ಮನ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ರಸ್ತೆಗಳಲ್ಲಿ ನಡೆಸಿ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಣ್ಯ ಹಾಕಬೇಕಾದ ಪಾರ್ಕಿಂಗ್ ಮೀಟರಿನ ಬಳಿ ನಿಂತ ಅಪರಿಚಿತನಿಗೆ ಚಿಲ್ಲರೆ ಕೊಡಿರೆಂದು ಸಾದಾ ಉಡುಪಿನವನು ಆಜ್ಞಾಪಿಸಿದಾಗ ದಾರಿಹೋಕರಲ್ಲಿ ಮೂರರಲ್ಲೊಂದು ಪಾಲು ಜನ ಕೊಟ್ಟರು. ಕಾವಲುಗಾರನ ಸಮವಸ್ತ್ರದಲ್ಲಿದ್ದವನು ಅದನ್ನೇ ಹೇಳಿದಾಗ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಮಂದಿ ಕೊಟ್ಟರು. ಆಜ್ಞೆಯಿತ್ತವನು ಬೆನ್ನು ತಿರುಗಿಸಿ ಹೊರಟುಹೋದರೂ ವಿಧೇಯತೆ ಕುಂದಲಿಲ್ಲ. ಸ್ವಾರಸ್ಯವೆಂದರೆ, ಕಾಲೇಜು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು ಕೇಳಿದಾಗ, ಕಾವಲುಗಾರನಿಗೆ, ಪ್ರಯೋಗದ ಇನ್ನೊಂದು ವೇಷವಾದ ಹಾಲು ಹಾಕುವವನಿಗಿಂತ ಹೆಚ್ಚಿನ ಅಧಿಕಾರವೇನೂ ಅವರಿಗೆ ಕಾಣಲಿಲ್ಲ. ಕಾಗದದ ಮೇಲೆ ಎಲ್ಲರೂ ಧೀರರೇ.

ಆದರೆ ಬರೀ ಜಾಕೆಟ್ ಸಾಲದು. ತಮಗೆ ಲಾಭವಾಯಿತೇ ಎಂಬುದಕ್ಕಿಂತ ತಮ್ಮನ್ನು ನ್ಯಾಯವಾಗಿ, ಮರ್ಯಾದೆಯಿಂದ ನಡೆಸಿಕೊಂಡರೇ ಎಂಬುದನ್ನು ನೋಡಿಯೇ ಜನ ಅಧಿಕಾರವನ್ನು ಒಪ್ಪುತ್ತಾರೆಂದು ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಷಿಕಾಗೋದ ನಿವಾಸಿಗಳನ್ನು ಸಂದರ್ಶಿಸಿ ಕಂಡುಕೊಂಡರು. ನಮ್ಮ ಜಾಕೆಟ್‌ಧಾರಿಗೆ ಇದು ಓದದೆಯೇ ಕರಗತ. "ಅಣ್ಣಾ, ಚೂರು ಹಿಂದೆ ಬನ್ನಿ, ಚರಂಡಿ ಉಂಟು" ಎಂದು ಆದರದಿಂದ ಕರೆಯುತ್ತಾರೆ. ಆಲ್ಟೊಗೂ ಬಿಎಂಡಬ್ಲ್ಯುಗೂ ಒಂದೇ ದರ. ಇಷ್ಟು ನಿಷ್ಪಕ್ಷಪಾತವಾಗಿ ವಸೂಲಿ ಮಾಡುವವರ ಬಳಿ ಅನುಮತಿಪತ್ರ ಕೇಳುವುದು ಅಸಭ್ಯತೆಯಲ್ಲವೇ?

ಅಂತಹ ಅಸಭ್ಯತೆ ತೋರಿದವರು ಒಬ್ಬ ನಿವೃತ್ತ ಮೇಷ್ಟ್ರು. "ಟೆಂಡರ್ ಆದೇಶದ ಪ್ರತಿ ತೋರಿಸಿ" ಎಂದು ಅವರು ಪಟ್ಟುಹಿಡಿದಾಗ ಜಾಕೆಟ್‌ಧಾರಿ ಬಾಯಿ ತೆರೆಯುವ ಪ್ರಮೇಯವೇ ಬರಲಿಲ್ಲ. ಆಗಷ್ಟೇ ಹಣ ತೆತ್ತವರು ಅವರ ಪರ ವಕಾಲತ್ತಿಗೆ ನಿಂತರು. "ಇಪ್ಪತ್ತು ರೂಪಾಯಿಗೆ ಎಂತಕ್ಕೆ ಗಲಾಟೆ ಮಾರಾಯ್ರೆ? ಇವರಿಲ್ಲದಿದ್ದರೆ ಇಲ್ಲಿ ಶಿಸ್ತು ಉಂಟಾ?" ಮೇಷ್ಟ್ರು ಬಿಡಲಿಲ್ಲ, ಕಂಕುಳಲ್ಲಿದ್ದ ಫೈಲನ್ನು ಕೈಗೆ ತೆಗೆದುಕೊಂಡು, ಬೆರಳೆತ್ತಿ, ಕಾನೂನಿನ ಮಾತನ್ನು ಗಟ್ಟಿಯಾಗಿಯೇ ಆಡತೊಡಗಿದರು. ಅಷ್ಟರಲ್ಲಿ ಕಾರೊಂದು ಅವರ ಪಕ್ಕದಲ್ಲೇ ನಿಂತಿತು. ಗಾಜು ಇಳಿಯಿತು, ನೋಟು ಹಿಡಿದ ಕೈಯೊಂದು ಹೊರಬಂತು: "ಸರ್, ಇಲ್ಲಿ ಇಡಬಹುದಾ?"