ಇಳಿಜಾರಂತೆ, ಇಳಿಜಾರು!

ನದಿ ಕೆಳಕ್ಕೆ ತಾನೇ ಹರಿಯೋದು, ಪಕ್ಕದ ರಸ್ತೆಯೂ ಇಳಿಜಾರೇ, ಸೈಕಲ್ ಮೇಲೆ ಸುಮ್ನೆ ಕೂತರೆ ಸಾಕು ಅಂದಿದ್ದರು. ನಂಬಿ 100 ಕಿಲೋಮೀಟರ್ ಹೊರಟೆ.

ನದಿಗೇನೋ ಇಳಿಜಾರು. ರಸ್ತೆಗೆ ಮಾತ್ರ ಬಂಡೆ ಅಡ್ಡ ಬಂದಲ್ಲೆಲ್ಲ ಹತ್ತಿ ಇಳಿಯುವ ಚಾಳಿ. ಅದನ್ನಾದರೂ ಸಹಿಸಬಹುದು. ಮಧ್ಯಾಹ್ನದ ಗಾಳಿ ಇದೆಯಲ್ಲ, ಅದು! ಬಿಸಿಲಿಗೆ ಬೆಟ್ಟದ ಮೈ ಕಾದರೆ ಕಣಿವೆಯ ಗಾಳಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಅಂದರೆ ನೇರ ನನ್ನ ಮುಖಕ್ಕೆ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕು. ಬಿಟ್ಟರೆ ಸೈಕಲ್ ನಿಂತೇಬಿಡುತ್ತದೆ!

ಹಸಿರು ನೀರು, ಬಿಳಿ ನೊರೆ, ಎಲ್ಲ ಇತ್ತಂತೆ. ನಾನು ನೋಡಿದ್ದು ಮುಂದಿನ ಚಕ್ರ, ಮತ್ತೆ ಮೂಗಿನ ತುದಿಯಿಂದ ಹ್ಯಾಂಡಲ್ ಮೇಲೆ ತೊಟ್ಟಿಕ್ಕುವ ಬೆವರು. ಬೆಳಗ್ಗೆ ಬೇಗ ಹೊರಡಬೇಕಿತ್ತು ಅಂತ ಈಗ ಹೇಳುತ್ತಾರೆ. ಮೊದಲೇ ಹೇಳೋಕೆ ಏನಾಗಿತ್ತು?