ಉಚಿತವಾಗಿ ಬಂದ ಬೇರಿಂಗು ಇನ್ನೂ ಡಬ್ಬದಲ್ಲೇ ಇದೆ

ಮಳೆಗಾಲಕ್ಕೆ ಇನ್ನು ಹದಿನೈದು ದಿನ ಇದೆ ಅನ್ನೋವಾಗ ನಮ್ಮ ಹಳೇ ವ್ಯಾಗನ್‌ಆರ್‌ನ ಎಡಗಡೆ ಮುಂದಿನ ಚಕ್ರ ಸದ್ದು ಶುರುಮಾಡಿತು. ಕುಮಟಾದಿಂದ ವಾಪಸ್ ಬರ್ತಾ ಇದ್ದೆವು. ದೇವಿಮನೆ ಘಟ್ಟ ಹತ್ತಿ, ರಾಗಿಹೊಸಳ್ಳಿ ದಾಟಿ, ಸ್ವಲ್ಪ ವೇಗ ಸಿಕ್ಕಿದ್ದೇ ತಡ, ಹಿಂದೆ ಕೂತಿದ್ದ ಅಪ್ಪಯ್ಯ ಕಿವಿ ನೆಟ್ಟಗೆ ಮಾಡಿದ. "ಎಂತದೋ ತಮಾ ಇದು, ಗಾಡಿಯೊಳಗೆ ತುಡುವೆ ಜೇನಿನ ಗೂಡು ಇದ್ದಂಗೆ ಗುಂಯ್ ಹೇಳ್ತಲಾ!" ಸ್ಟೇರಿಂಗ್ ಬಲಕ್ಕೆ ಎಳೆದರೆ ಸದ್ದು ಜೋರು, ಎಡಕ್ಕೆ ಎಳೆದರೆ ಕಡಿಮೆ. ಅಂದರೆ ಭಾರ ಬೀಳುವ ಎಡಚಕ್ರದ ಬೇರಿಂಗು ಹೋಗಿದೆ ಅಂತ ಲೆಕ್ಕ.

ಶಿರಸಿಯ ಅಂಗಡಿಯಲ್ಲಿ ಹೆಸರುವಾಸಿ ಕಂಪನಿಯದ್ದಕ್ಕೆ 1,250 ರೂಪಾಯಿ ಅಂದರು. ಮೊಬೈಲಿನಲ್ಲಿ ನೋಡಿದರೆ 550ಕ್ಕೇ ಇತ್ತು, ಜೊತೆಗೆ ಒಂದು ವರ್ಷದ ವಾರಂಟಿ. ಹಾಳಾದರೆ ಹೊಸದು ಕೊಡ್ತಾರಲ್ಲ, ಮತ್ತೆಂತ ಚಿಂತೆ ಅಂತ ತರಿಸಿಬಿಟ್ಟೆ. ಅಡಿಕೆ ರಾಶಿಯಲ್ಲಿ ಕೈಯಾಡಿಸಿ ಇದು ಚಾಲಿ, ಇದು ಬಿಳೇಗೋಟು, ಇದು ಕೋಕ ಅಂತ ನಿದ್ದೆಗಣ್ಣಲ್ಲೂ ಹೇಳೋ ಮನೆತನ ನಮ್ಮದು. ಅದೇ ನಾನು ಬೇರಿಂಗಿನ ಫೋಟೋ ನೋಡಿ ದುಡ್ಡು ಕಳಿಸಿದೆ!

ದೀಪಾವಳಿ ಹೊತ್ತಿಗೆ ತುಡುವೆ ಗೂಡು ವಾಪಸ್ ಬಂತು.

ವಾರಂಟಿ ಕೇಳಿದೆ. ಇಲ್ಲ ಅನ್ನಲಿಲ್ಲ. ಆದರೆ ಖರೀದಿ ಬಿಲ್ ಬೇಕು, ಗ್ಯಾರೇಜಿನ ಬಿಲ್ ಬೇಕು, ಕಿತ್ತ ಬೇರಿಂಗನ್ನು ನನ್ನ ಖರ್ಚಲ್ಲಿ ಕೊರಿಯರ್ ಮಾಡಬೇಕು, ಅವರು ಪರೀಕ್ಷೆ ಮಾಡಿ ತಿಳಿಸ್ತಾರೆ. ನಮ್ಮ ಮೇಸ್ತ್ರಿ ಬಿಲ್ ಅಂದರೆ ಹಳೇ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಡುವ ಮೊತ್ತ. ಅವನ ಹತ್ತಿರ ಸರಿಯಾದ ಬಿಲ್ ಬರೆಸೋದೇ ಒಂದು ಪಂಚಾಯಿತಿಯಾಯಿತು. ಇಪ್ಪತ್ಮೂರು ದಿನಕ್ಕೆ ಹೊಸ ಬೇರಿಂಗು ಬಂತು, ಪುಕ್ಕಟೆ. ಅಷ್ಟು ದಿನ ಗಾಡಿ ನಿಲ್ಲಿಸಿಕೊಂಡು ಕೂರೋಕಾಗತ್ತಾ? ಹಳೇದು ಕಿತ್ತ ದಿನವೇ 1,250ರದ್ದು ತಂದು ಹಾಕಿಸಿಯಾಗಿತ್ತು.

ಈಗ ಲೆಕ್ಕ ನೋಡಿ. ಈ ಬೇರಿಂಗು ಕೈಯಲ್ಲಿ ಕಿತ್ತು ಹಾಕುವ ಸಾಮಾನಲ್ಲ. ಚಕ್ರದ ನಡುವಿನ ಹಬ್ ಬಿಚ್ಚಿ ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು, ಒತ್ತಿಯೇ ಕೂರಿಸಬೇಕು. ಒಂದು ಸಲಕ್ಕೆ ಮಜೂರಿ 900. ಮೊದಲೇ ಒಳ್ಳೇದು ಹಾಕಿಸಿದ್ದರೆ 2,150ಕ್ಕೆ ಮುಗೀತಿತ್ತು. ನಾನು ಕೊಟ್ಟಿದ್ದು 3,600, ಕೊರಿಯರ್ ಬೇರೆ. ವಾರಂಟಿ ಕಾಗದದಲ್ಲಿ ಮಜೂರಿ ಅನ್ನೋ ಪದವೇ ಇರಲಿಲ್ಲ, ಮೊದಲೇ ಓದಿದ್ದರೆ ಗೊತ್ತಾಗ್ತಿತ್ತು.

ಬೇರಿಂಗಿಗೆ ಒಳಗೊಂದು, ಹೊರಗೊಂದು ಉಕ್ಕಿನ ಬಳೆ. ಒತ್ತುವಾಗ ಒಳಗಿನ ಬಳೆಗೆ ಕೊಡಬೇಕಾದ ಒತ್ತಡ ಹೊರಗಿನದಕ್ಕೆ ಬಿದ್ದರೆ, ಅಥವಾ ಹೊರಗಿನದ್ದು ಒಳಗಿನದಕ್ಕೆ, ಎಷ್ಟೇ ಒಳ್ಳೇ ಬೇರಿಂಗಾದರೂ ಬೇಗ ಸಾಯುತ್ತದೆ. ನಮ್ಮ ಮೇಸ್ತ್ರಿ ಹಾಗೆ ಮಾಡಿಲ್ಲ ಅಂತ ನನ್ನ ನಂಬಿಕೆ. ಸಾಬೀತು ಮಾಡು ಅಂದಿದ್ದರೆ ನನ್ನ ಹತ್ತಿರ ಏನೂ ಇರಲಿಲ್ಲ. 'ಫಿಟ್ಟಿಂಗ್ ಸರಿ ಇಲ್ಲ' ಅಂತ ವಾರಂಟಿಯವರು ಒಂದು ಮಾತು ಬರೆದಿದ್ದರೆ ಪುಕ್ಕಟೆಯದ್ದೂ ಬರ್ತಿರಲಿಲ್ಲ.

ಹಾಗಾಗಿ ಈಗ ನಾನು ರೇಟು ಕೇಳುವ ಮೊದಲು ಮಜೂರಿ ಕೇಳ್ತೇನೆ. ಕ್ಲಚ್ ಪ್ಲೇಟಿಗೆ ಗೇರ್‌ಬಾಕ್ಸನ್ನೇ ಇಳಿಸಬೇಕು, ಅಲ್ಲಿ ಐನೂರು ಸಾವಿರ ಉಳಿಸೋದು ಹುಚ್ಚುತನ. ವೈಪರ್ ರಬ್ಬರ್, ಬಲ್ಬು, ಕನ್ನಡಿ, ಕಾಲಡಿಯ ಮ್ಯಾಟು ಎಲ್ಲ ಅಂಗಳದಲ್ಲೇ ಬದಲಿಸುವಂಥವು, ಅಗ್ಗದ್ದೇ ತನ್ನಿ. ಕಾರವಾರದ ಸ್ನೇಹಿತನೊಬ್ಬ ಸೈಲೆನ್ಸರ್ ಮಾತ್ರ ಅಗ್ಗದ್ದು ಹಾಕಿಸಬೇಡ ಅಂತಾನೆ. ಅವನದ್ದು ಮನೆಯಿಂದ ಆಫೀಸಿಗೆ ಎರಡೇ ಕಿಲೋಮೀಟರ್. ಸೈಲೆನ್ಸರ್ ಪೂರ್ತಿ ಕಾಯೋದೇ ಇಲ್ಲ, ಒಳಗೆ ನೀರು ನಿಲ್ಲುತ್ತದೆ, ಹೊರಗಿಂದ ಉಪ್ಪುಗಾಳಿ. ತೆಳು ತಗಡು ಎಷ್ಟು ದಿನ ತಡೆದೀತು?

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಚೌಕಾಸಿಗೆ ನಿಲ್ಲೋದಿಲ್ಲ. ಪ್ಯಾಡಿನಷ್ಟೇ ಬ್ರೇಕ್ ಆಯಿಲನ್ನೂ ನೋಡಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ನಮ್ಮ ಜಿಲ್ಲೆಯ ಮಳೆಗಾಲ, ಅದರ ಮೇಲೆ ದೇವಿಮನೆಯಲ್ಲೋ ಅರಬೈಲ್ ಘಟ್ಟದಲ್ಲೋ ಕಾಲು ತೆಗೆಯದೆ ಬ್ರೇಕ್ ಒತ್ತಿಕೊಂಡೇ ಇಳಿಯುವ ಅಭ್ಯಾಸ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ತಿರುವಿನಲ್ಲಿ ವಾರಂಟಿ ಕಾರ್ಡು ಹಿಡಿದು ಎಂತ ಮಾಡ್ತೀರಿ?

ಹಾಗಂತ ಒಳ್ಳೇದು ಅಂದರೆ ಶೋರೂಮಿನದ್ದೇ ಆಗಬೇಕು ಅಂತಲ್ಲ. ಕ್ಲಚ್ಚು, ಬೇರಿಂಗು, ಪ್ಲಗ್ಗು ಇವನ್ನೆಲ್ಲ ಸಾಮಾನ್ಯವಾಗಿ ಕಾರು ಕಂಪನಿ ತಾನೇ ತಯಾರಿಸೋದಿಲ್ಲ, ಬೇರೆಯವರಿಂದ ತರಿಸಿ ತನ್ನ ಡಬ್ಬಕ್ಕೆ ಹಾಕುತ್ತದೆ. ಅದೇ ತಯಾರಕರು ತಮ್ಮ ಹೆಸರಿನ ಡಬ್ಬದಲ್ಲಿ ಮಾರುವುದು ಹಲವು ಸಲ ಕಡಿಮೆಗೆ ಸಿಗುತ್ತದೆ. ಬಿಡಿಭಾಗ ಹೊರಗಿನ ಮಾರುಕಟ್ಟೆಗೆ ಬಾರದ ಹಾಗೆ ತಡೆದದ್ದಕ್ಕೆ 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ಅವರು ಮೇಲ್ಮನವಿ ಹೋದರು, ಅದು ಬೇರೆ ಕತೆ. ನನ್ನ 1,250ರ ಬೇರಿಂಗು ಇಂಥ ತಯಾರಕರ ಡಬ್ಬದ್ದೇ. ಡಬ್ಬದ ಮೇಲೆ ಎಂಆರ್‌ಪಿ, ತಯಾರಕರ ವಿಳಾಸ, ತಿಂಗಳು-ವರ್ಷ ಇದೆಯಾ ನೋಡಿ, ಬೇರಿಂಗಿನ ಮೇಲೆ ಕೊರೆದ ನಂಬರು ಡಬ್ಬದ ನಂಬರಿಗೆ ತಾಳೆಯಾಗುತ್ತದಾ ನೋಡಿ.

ಮತ್ತೆ 'ಬಿಲ್ ಬೇಕಾ, ಬ್ಯಾಡದಾ?' ಅಂತ ಕೇಳ್ತಾರಲ್ಲ, ಬೇಕು ಅನ್ನಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ 18 ಪರ್ಸೆಂಟು. ಹಿಂದೆ ಹೆಚ್ಚಿನವಕ್ಕೆ 28 ಇತ್ತು. ತೆರಿಗೆ ಇಳಿದರೂ ಆ ಪ್ರಶ್ನೆ ನಿಂತಿಲ್ಲ. ಬಿಲ್ ಇಲ್ಲದೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಏನು ತೋರಿಸ್ತೀರಿ?

ಪುಕ್ಕಟೆ ಬೇರಿಂಗು ಅಟ್ಟದ ಮೇಲಿದೆ. ಮೊನ್ನೆ ಪಕ್ಕದ ಮನೆಯವರು, ಅವರದ್ದೂ ಅದೇ ಗಾಡಿ, 'ಹೇಗೂ ಸುಮ್ಮನೆ ಬಿದ್ದಿದೆಯಲ್ಲ, ನಂಗೆ ಕೊಡು' ಅಂದರು. ಕೊಡಲಾ ಬೇಡವಾ ಅಂತ ನಾನು ಯೋಚನೆ ಮಾಡೋದರೊಳಗೆ ಅಪ್ಪಯ್ಯ ಒಳಗಿಂದಲೇ ಕೂಗಿದ: "ಕೊಡಡ, ಆಮೇಲೆ ಆ ಗುಂಯ್ ನಮ್ಮನೆ ಅಂಗಳಕ್ಕೂ ಕೇಳ್ತು!"