ಐದು ಜನ ಇಂಜಿನಿಯರು, ಹತ್ತು ನೆಲಬಾಂಬು

ದಾವಣಗೆರೆಯಲ್ಲಿ 1951ರಲ್ಲೇ ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. ಅದರ ಪರಿಣಾಮ ನಮ್ಮ ಮಹಡಿ ರೂಮಿನಲ್ಲಿ ಈಗಲೂ ಕಾಣುತ್ತೆ. ಭಾನುವಾರ ಬಂತೆಂದರೆ ಅಕ್ಕನ ಮಗ ಓಣಿ ಹುಡುಗರನ್ನು ಸೇರಿಸಿ, ಲ್ಯಾಪ್‌ಟಾಪ್‌ಗಳಿಗೆ ಕೇಬಲ್ ಸಿಕ್ಕಿಸಿ ‘ಎನಿಮಿ ಟೆರಿಟರಿ’ ಶುರು ಮಾಡ್ತಾನೆ. 2003ರ ಯುದ್ಧದ ಆಟ. ಪುಕ್ಕಟೆ ಬೇರೆ.

ಪಾತ್ರ ಐದು. ಸೋಲ್ಜರ್ ದೊಡ್ಡ ಗನ್ ಹೊರುತ್ತಾನೆ, ಮೆಡಿಕ್ ಬಿದ್ದವರನ್ನು ಸಿರಿಂಜ್ ಚುಚ್ಚಿ ಎಬ್ಬಿಸುತ್ತಾನೆ, ಫೀಲ್ಡ್ ಆಪ್ಸ್ ಗುಂಡು ಹಂಚುತ್ತಾನೆ. ಇಂಜಿನಿಯರ್ ನೆಲಬಾಂಬ್ ಇಟ್ಟು, ಇಕ್ಕಳ ಹಿಡಿದು ಅದನ್ನು ಚಾಲೂ ಮಾಡ್ತಾನೆ. ವೈರಿಯ ನೆಲಬಾಂಬನ್ನು ಬೈನಾಕ್ಯುಲರ್‌ನಲ್ಲಿ ಹುಡುಕಿ ತೋರಿಸೋನು ಕೋವರ್ಟ್ ಆಪ್ಸ್. ಲೆಕ್ಕ ಸರಿಯಾಗೇ ಇದೆ, ಅಲ್ವಾ? ನಮ್ಮ ರೂಮಿನಲ್ಲಿ ಮಾತ್ರ ಐದಕ್ಕೆ ಐದೂ ಇಂಜಿನಿಯರು.

ಒಂದು ತಂಡಕ್ಕೆ ಹತ್ತೇ ನೆಲಬಾಂಬ್. ಹತ್ತನ್ನೂ ಹುಡುಗರು ನಮ್ಮದೇ ಬಾಗಿಲ ಮುಂದೆ ಸಾಲಾಗಿ ಹೂತರು. ಹಿಂದೆ ರೈಲ್ವೆ ಗೇಟ್ ಹಾಕಿದಾಗ ನಮ್ಮೂರ ಅಶೋಕ ರಸ್ತೆ ಆಗ್ತಿತ್ತಲ್ಲ, ಆ ಥರ ಆಯ್ತು. ಒಳಗಿನವರು ಹೊರಗಿಲ್ಲ, ಹೊರಗಿನವರು ಒಳಗಿಲ್ಲ. ಫ್ರೆಂಡ್ಲಿ ಫೈರ್ ಬೇರೆ ಆನ್ ಇತ್ತು. ಹಾಗಿದ್ದಾಗ ನಮ್ಮ ಬಾಂಬ್ ನಮ್ಮವರನ್ನೂ ಬಿಡಲ್ಲ.

ಐದನೆಯವರಾಗಿ ಸೇರಿಕೊಂಡಿದ್ದು ಭಾವ. ಸಮಾಜ ವಿಜ್ಞಾನದ ಮೇಷ್ಟ್ರು. ಬಾಗಿಲು ದಾಟುತ್ತಿದ್ದ ಹಾಗೇ ‘ಕ್ಲಿಕ್’.

"ಅಪ್ಪಾಜಿ, ಅಲ್ಲಾಡಬೇಡ್ರಿ!"

ಈ ಆಟದಲ್ಲಿ ಬಾಂಬ್ ತುಳಿದ ಕೂಡಲೇ ಸಿಡಿಯಲ್ಲ. ಕಾಲು ತೆಗೆದಾಗ ಸಿಡಿಯುತ್ತೆ. ಅಲ್ಲೇ ನಿಂತರೆ ಇಂಜಿನಿಯರ್ ಬಂದು ಬಿಚ್ಚಬಹುದು. ನಾಲ್ವರು ಆಗಲೇ ಸತ್ತು, ಮತ್ತೆ ಹುಟ್ಟೋಕೆ ಕಾಯ್ತಿದ್ದರು. ಎಬ್ಬಿಸೋಣ ಅಂದ್ರೆ ಮೆಡಿಕ್ಕೇ ಇಲ್ಲ. ಭಾವ ಪರದೆಯ ಒಳಗಷ್ಟೇ ಅಲ್ಲ, ಕುರ್ಚಿಯಲ್ಲೂ ಉಸಿರು ಬಿಗಿಹಿಡಿದು ಕೂತರು. ಅಷ್ಟರಲ್ಲಿ ಅಕ್ಕ ಮಂಡಕ್ಕಿ, ಮಿರ್ಚಿ ತಂದಳು. "ಆರಿ ಹೋಗ್ತಾವೆ, ತಿನ್ರಿ" ಅಂತ ತಟ್ಟೆಯನ್ನು ಕೀಬೋರ್ಡಿನ ಮೇಲೇ ಇಟ್ಟಳು.

ಢಂ!

"1997ರಲ್ಲೇ ಒಟ್ಟಾವಾದಲ್ಲಿ ನೆಲಬಾಂಬ್ ನಿಷೇಧಕ್ಕೆ ಸಹಿ ಬಿದ್ದಿದೆ, ಗೊತ್ತೇನೋ?" ಎಂದು ಭಾವ ಮಂಡಕ್ಕಿ ಕೊಡವುತ್ತಾ ಗುಡುಗಿದರು.

"ಇಂಡಿಯಾ ಸಹಿ ಹಾಕಿಲ್ಲ, ಅಪ್ಪಾಜಿ."

ಅಲ್ಲಿಗೆ ಪಂಚಾಯ್ತಿ ಶುರು. ಹತ್ತನ್ನು ಮೂರಕ್ಕೆ ಇಳಿಸಿ ಅಂದ ಒಬ್ಬ. ನೆಲಬಾಂಬೇ ಬೇಡ ಅಂದ ಇನ್ನೊಬ್ಬ, ಅವನು ಸದಾ ಓಡೋ ಗಿರಾಕಿ. ನನ್ನ ಪ್ರಕಾರ ಬಾಂಬ್ ಜಾಸ್ತಿ ಆಗಿದ್ದಲ್ಲ, ಅದನ್ನು ನೋಡೋರು ಕಮ್ಮಿ ಆಗಿದ್ದು. ಬೈನಾಕ್ಯುಲರ್ ಹಿಡಿದು ಪೊದೆಯಲ್ಲಿ ಕೂರೋಕೆ ಯಾವ ಹುಡುಗ ಒಪ್ಪುತ್ತಾನೆ? ಕೊನೆಗೆ ತಂಡಕ್ಕೆ ಒಬ್ಬನೇ ಇಂಜಿನಿಯರ್, ಒಬ್ಬ ಕೋವರ್ಟ್ ಆಪ್ಸ್ ಇರಲೇಬೇಕು ಅಂತ ತೀರ್ಮಾನವಾಯ್ತು. ಚೀಟಿ ಎತ್ತಿದಾಗ ಕೋವರ್ಟ್ ಬಂದಿದ್ದು ಭಾವನಿಗೆ.

ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿದ ಕಣ್ಣು ಅದು. ಹುಲ್ಲಿನಲ್ಲಿದ್ದ ಬಾಂಬ್‌ಗಳನ್ನೆಲ್ಲ ಹುಡುಕಿ ಹುಡುಕಿ ತೋರಿಸಿದರು. ಇಂಜಿನಿಯರ್ ಹಿಂದೆಯೇ ಬಿಚ್ಚುತ್ತಾ ಬಂದ. ಗೆಲುವು ನಮ್ಮದೇ ಅನ್ನುವಾಗ ಭಾವನಿಗೆ ಹುರುಪು ಬಂತು. ಸತ್ತ ವೈರಿಯ ಬಟ್ಟೆ ಹಾಕಿಕೊಂಡರು. ಕೋವರ್ಟ್‌ಗೆ ಆ ಸೌಲಭ್ಯ ಉಂಟು. ಹಾಗೇ ಸಂಭ್ರಮದಲ್ಲಿ ನಮ್ಮ ಕಡೆ ಓಡಿ ಬಂದರು.

ಮಗನೇ ಹೊಡೆದ.

ಮುಂದಿನ ಭಾನುವಾರ ಮೆಡಿಕ್ ಆಗೋಕೆ ಭಾವ ತಾವಾಗೇ ಹೆಸರು ಕೊಟ್ಟಿದ್ದಾರೆ. ಷರತ್ತು ಒಂದೇ: ಮಗ ಬಿದ್ದರೆ ಸಿರಿಂಜ್ ಚುಚ್ಚಲ್ಲವಂತೆ.